ಅಂಚೆಯಲ್ಲಿ ಬರುವ ಗುಳಿಗೆಯನ್ನು ಕಾನೂನು ಹೇಗೆ ಹಿಡಿಯುತ್ತದೆ?

ಮಾನ್ಯ ಅಧ್ಯಕ್ಷರೆ, ವೇದಿಕೆಯ ಮೇಲಿರುವ ಹಿರಿಯರೆ, ಕಾನೂನು ವಿದ್ಯಾರ್ಥಿ ಮಿತ್ರರೆ,

2025ರ ಜನವರಿ 31ರಂದು ಅಮೆರಿಕದ ಲೂಯಿಸಿಯಾನ ರಾಜ್ಯದ ವೆಸ್ಟ್ ಬ್ಯಾಟನ್ ರೂಜ್ ಎಂಬಲ್ಲಿ ಗ್ರ್ಯಾಂಡ್ ಜ್ಯೂರಿಯೊಂದು, ಅಂದರೆ ಮೊಕದ್ದಮೆಗೆ ಆಧಾರವಿದೆಯೇ ಎಂದು ನೋಡುವ ನಾಗರಿಕರ ಮಂಡಳಿಯೊಂದು, ನ್ಯೂಯಾರ್ಕಿನ ಒಬ್ಬ ವೈದ್ಯೆಯ ಮೇಲೆ ದೋಷಾರೋಪ ಹೊರಿಸಿತು. ಗರ್ಭಪಾತದ ಗುಳಿಗೆಗಳನ್ನು ಅಂಚೆಯ ಮೂಲಕ ಲೂಯಿಸಿಯಾನಕ್ಕೆ ಕಳುಹಿಸಿದರು ಎಂಬುದು ಆರೋಪ. ಲೂಯಿಸಿಯಾನದಲ್ಲಿ ಅದು ಸೆರೆವಾಸದ ಅಪರಾಧ. ನ್ಯೂಯಾರ್ಕಿನಲ್ಲಿ ಅದು ವೈದ್ಯರ ದಿನನಿತ್ಯದ ಕೆಲಸ. ಲೂಯಿಸಿಯಾನದ ಗವರ್ನರ್ ಜೆಫ್ ಲ್ಯಾಂಡ್ರಿ ಆ ವೈದ್ಯೆಯನ್ನು ಹಸ್ತಾಂತರಿಸಬೇಕೆಂಬ ಕಾಗದಕ್ಕೆ ಸಹಿ ಹಾಕಿದರು. ನ್ಯೂಯಾರ್ಕಿನ ಗವರ್ನರ್ ಕ್ಯಾಥಿ ಹೋಕಲ್ ಸಾಧ್ಯವಿಲ್ಲ ಎಂದರು. ಇಬ್ಬರೂ ಕ್ಯಾಮೆರಾಗಳ ಮುಂದೆ ನಿಂತೇ ಈ ಕೆಲಸ ಮಾಡಿದರು. ರಾಜಕಾರಣ ಎಲ್ಲೆಡೆಯೂ ರಾಜಕಾರಣವೇ.

ಗರ್ಭಪಾತ ಸರಿಯೇ ತಪ್ಪೇ ಎಂಬುದು ಇವತ್ತಿನ ನನ್ನ ವಿಷಯವಲ್ಲ. ನಿಮ್ಮಲ್ಲಿ ಎರಡೂ ಅಭಿಪ್ರಾಯದವರಿದ್ದೀರಿ, ನನಗೂ ಒಂದು ಅಭಿಪ್ರಾಯವಿದೆ, ಅದು ಮಾತಿನ ನಡುವೆ ಇಣುಕಿದರೆ ಸಹಿಸಿಕೊಳ್ಳಿ. ನಾನು ಕೇಳುವ ಪ್ರಶ್ನೆ ವಕೀಲರ ಪ್ರಶ್ನೆ. ಒಂದು ರಾಜ್ಯ ಒಂದು ವಸ್ತುವನ್ನು ನಿಷೇಧಿಸಿದೆ. ಪಕ್ಕದ ರಾಜ್ಯ ಅದನ್ನು ಕಳುಹಿಸುವವರಿಗೆ ರಕ್ಷಣೆ ಕೊಟ್ಟಿದೆ. ಆ ವಸ್ತು ಒಂದು ಲಕೋಟೆಯೊಳಗೆ ಹಿಡಿಸುತ್ತದೆ. ಹೀಗಿರುವಾಗ ನಿಷೇಧ ಯಾರ ಮೇಲೆ ಜಾರಿಯಾಗುತ್ತದೆ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕಳುಹಿಸಿದವರು ಕೈಗೆ ಸಿಗುವುದಿಲ್ಲ, ಲಕೋಟೆಯನ್ನು ತೆರೆಯಲು ಬರುವುದಿಲ್ಲ, ಹಾಗಾಗಿ ಕಾನೂನಿನ ಭಾರ, ನಿನ್ನನ್ನು ಬಿಟ್ಟುಬಿಡುತ್ತೇನೆಂದು ಕಾನೂನೇ ಮಾತು ಕೊಟ್ಟಿದ್ದ ಹೆಣ್ಣಿನ ಮೇಲೆ ಮತ್ತು ಅವಳ ಸುತ್ತಲಿನವರ ಮೇಲೆ ಹೋಗಿ ಬೀಳುತ್ತದೆ.

ಮೊದಲು ಔಷಧದ ಬಗ್ಗೆ ಸ್ವಲ್ಪ. ಎರಡು ಔಷಧಗಳಿವೆ. ಮೈಫೆಪ್ರಿಸ್ಟೋನ್ ಎಂಬುದು ಗರ್ಭವನ್ನು ಉಳಿಸಿಕೊಳ್ಳುವ ಪ್ರೊಜೆಸ್ಟೆರಾನ್ ಹಾರ್ಮೋನಿಗೆ ತಡೆಯೊಡ್ಡುತ್ತದೆ. ಒಂದೆರಡು ದಿನದ ನಂತರ ತೆಗೆದುಕೊಳ್ಳುವ ಮಿಸೊಪ್ರೊಸ್ಟಾಲ್ ಗರ್ಭಾಶಯವನ್ನು ಸಂಕುಚಿಸುತ್ತದೆ. ಮೊದಲನೆಯದು ಫ್ರಾನ್ಸಿನಲ್ಲಿ 1980ರ ದಶಕದಲ್ಲಿ ರೂಪುಗೊಂಡಿತು. ಎರಡನೆಯದು ಹೊಟ್ಟೆಯ ಹುಣ್ಣಿಗೆಂದು ಬಂದ ಮಾತ್ರೆ. ಗರ್ಭಿಣಿಯರು ಸೇವಿಸಬಾರದು ಎಂಬ ಎಚ್ಚರಿಕೆಯನ್ನು ಓದಿಯೋ ಕೇಳಿಯೋ ಬ್ರೆಜಿಲ್‌ನ ಹೆಂಗಸರು ಅದರ ಇನ್ನೊಂದು ಉಪಯೋಗವನ್ನು ತಾವೇ ಕಂಡುಕೊಂಡರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮೈಫೆಪ್ರಿಸ್ಟೋನಿಗೆ ಅನುಮತಿ ಕೊಟ್ಟದ್ದು 2000ದ ಸೆಪ್ಟೆಂಬರಿನಲ್ಲಿ. ಆಗ ಷರತ್ತುಗಳು ಬಿಗಿಯಾಗಿದ್ದವು, ವೈದ್ಯರ ಎದುರೇ ಪಡೆಯಬೇಕಿತ್ತು. 2016ರಲ್ಲಿ ಅವಧಿಯನ್ನು ಹತ್ತು ವಾರಕ್ಕೆ ಏರಿಸಿ, ಭೇಟಿಗಳನ್ನು ಕಡಿಮೆ ಮಾಡಿದರು. ಕೋವಿಡ್ ಬಂದ ಮೇಲೆ 2021ರಲ್ಲಿ ಎದುರಾಎದುರು ಕೊಡಬೇಕೆಂಬ ನಿಯಮವನ್ನು ಸಡಿಲಿಸಿದರು. 2023ರ ಜನವರಿಯಲ್ಲಿ ಆ ಸಡಿಲಿಕೆಯೇ ಶಾಶ್ವತ ನಿಯಮವಾಯಿತು. ವೈದ್ಯರೊಡನೆ ಫೋನಿನಲ್ಲಿ ಮಾತಾಡಿದರೆ, ಅಥವಾ ಒಂದು ಅರ್ಜಿ ತುಂಬಿದರೆ, ಔಷಧ ಟಪಾಲಿನಲ್ಲಿ ಮನೆಗೆ ಬರುತ್ತದೆ.

ಈ ನಡುವೆ, 2022ರ ಜೂನ್ 24ರಂದು, ಡಾಬ್ಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಸಾಂವಿಧಾನಿಕ ಹಕ್ಕು ಎಂದಿದ್ದ 1973ರ ರೋ ತೀರ್ಪನ್ನು ರದ್ದು ಮಾಡಿತು. ಗರ್ಭಪಾತದ ಪ್ರಶ್ನೆಯನ್ನು ಜನರಿಗೂ ಅವರು ಆರಿಸಿದ ಪ್ರತಿನಿಧಿಗಳಿಗೂ ಹಿಂದಿರುಗಿಸುತ್ತಿದ್ದೇವೆ ಎಂಬುದು ಆ ತೀರ್ಪಿನ ಧಾಟಿ. ಹನ್ನೆರಡು-ಹದಿಮೂರು ರಾಜ್ಯಗಳು ಹೆಚ್ಚುಕಡಿಮೆ ಪೂರ್ಣ ನಿಷೇಧ ತಂದವು. ಅಲ್ಲಿನ ಕ್ಲಿನಿಕ್‌ಗಳು ಬಾಗಿಲು ಹಾಕಿದವು. ಅಲ್ಲಿಗೆ ಗರ್ಭಪಾತ ಕಡಿಮೆಯಾಗಬೇಕಿತ್ತು. ಆಗಲಿಲ್ಲ. 2023ರಲ್ಲಿ ದೇಶದ ಒಟ್ಟು ಸಂಖ್ಯೆ ಹತ್ತು ಲಕ್ಷ ದಾಟಿತು, ಹತ್ತು ವರ್ಷಗಳಿಗೂ ಹೆಚ್ಚಿನ ಅವಧಿಯಲ್ಲಿ ಅದೇ ಅತಿ ಹೆಚ್ಚು. ಅವುಗಳಲ್ಲಿ ಶೇಕಡಾ 63ರಷ್ಟು ಗುಳಿಗೆಯಿಂದಾದವು. ಡಾಬ್ಸ್‌ಗೆ ಮುಂಚೆ ದೂರವೈದ್ಯದ, ಅಂದರೆ ಫೋನಿನಲ್ಲೋ ಇಂಟರ್ನೆಟ್ಟಿನಲ್ಲೋ ವೈದ್ಯರನ್ನು ಕಾಣುವುದರ, ಪಾಲು ಇಪ್ಪತ್ತರಲ್ಲಿ ಒಂದಾಗಿತ್ತು. 2024ರ ಕೊನೆಯ ಹೊತ್ತಿಗೆ ನಾಲ್ಕರಲ್ಲಿ ಒಂದಾಯಿತು. ಕ್ಲಿನಿಕ್ ಎಂಬುದು ಕಟ್ಟಡ. ಅದಕ್ಕೆ ವಿಳಾಸವಿದೆ, ಪರವಾನಗಿಯಿದೆ, ಬೀಗ ಜಡಿಯಬಹುದಾದ ಬಾಗಿಲಿದೆ. ನಿಷೇಧವನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಆ ಬಾಗಿಲು.

ಈಗ ಹಸ್ತಾಂತರದ ಮಾತಿಗೆ ಬರೋಣ. ಭಾರತೀಯ ಕೇಳುಗರಿಗೆ ಇಲ್ಲೊಂದು ತೊಡಕಿದೆ. ಬೆಳಗಾವಿಯ ನ್ಯಾಯಾಲಯ ಹೊರಡಿಸಿದ ಬಂಧನದ ವಾರಂಟನ್ನು ಕೊಲ್ಹಾಪುರದಲ್ಲಿ ಜಾರಿ ಮಾಡಲು ಮಹಾರಾಷ್ಟ್ರದ ಮುಖ್ಯಮಂತ್ರಿಯ ಒಪ್ಪಿಗೆ ಬೇಕಿಲ್ಲ. ವಾರಂಟನ್ನು ಭಾರತದ ಯಾವುದೇ ಸ್ಥಳದಲ್ಲಿ ಜಾರಿ ಮಾಡಬಹುದು ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 77ನೆಯ ಕಲಮು ಹೇಳುತ್ತಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನೇ ಹೇಳುತ್ತದೆ. ನಮ್ಮಲ್ಲಿ ಮುಖ್ಯ ದಂಡಸಂಹಿತೆಯೂ ದೇಶಕ್ಕೆಲ್ಲ ಒಂದೇ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಪ್ರತ್ಯೇಕ ದಂಡಸಂಹಿತೆ, ಪ್ರತ್ಯೇಕ ಪೊಲೀಸ್, ಪ್ರತ್ಯೇಕ ಸಾರ್ವಭೌಮತ್ವ. ಒಂದು ರಾಜ್ಯದ ಪೊಲೀಸ್ ಅಧಿಕಾರಿ ಇನ್ನೊಂದು ರಾಜ್ಯದ ಗಡಿ ದಾಟಿದರೆ ಸಾಮಾನ್ಯವಾಗಿ ಅವನು ಬರೀ ಪ್ರವಾಸಿ. ಆರೋಪಿಯನ್ನು ತರಬೇಕಾದರೆ ಗವರ್ನರಿಂದ ಗವರ್ನರಿಗೆ ಬೇಡಿಕೆ ಹೋಗಬೇಕು.

ಅದಕ್ಕೆ ಆಧಾರ ಸಂವಿಧಾನದ ನಾಲ್ಕನೆಯ ವಿಧಿಯ ಎರಡನೆಯ ಕಲಮು. ಒಂದು ರಾಜ್ಯದಲ್ಲಿ ಅಪರಾಧದ ಆರೋಪ ಹೊತ್ತು, ನ್ಯಾಯದಿಂದ ತಪ್ಪಿಸಿಕೊಂಡು ಓಡಿಹೋಗಿ, ಇನ್ನೊಂದು ರಾಜ್ಯದಲ್ಲಿ ಸಿಕ್ಕವನನ್ನು ಒಪ್ಪಿಸಬೇಕು ಎಂದು ಅದು ಹೇಳುತ್ತದೆ. ಇಡೀ ಜಗಳ ಆ ಓಡಿಹೋಗುವ ಕ್ರಿಯೆಯ ಮೇಲೆ ನಿಂತಿದೆ. ನ್ಯೂಯಾರ್ಕಿನ ತನ್ನ ಮೇಜಿನ ಮುಂದೆ ಕುಳಿತ ವೈದ್ಯೆ ಎಲ್ಲಿಂದ ಓಡಿಹೋದರು?

ಈ ಕಲಮಿಗೆ ಒಂದು ಕರಾಳ ಇತಿಹಾಸವಿದೆ, ಅದನ್ನು ಹೇಳದೆ ಮುಂದಕ್ಕೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ವಿಲ್ಲಿಸ್ ಲಾಗೊ ಎಂಬ ಸ್ವತಂತ್ರ ಕರಿಯ ವ್ಯಕ್ತಿ ಕೆಂಟಕಿಯ ಒಬ್ಬ ಗುಲಾಮ ಹುಡುಗಿ ತಪ್ಪಿಸಿಕೊಳ್ಳಲು ನೆರವಾಗಿ, ತಾನು ಓಹಾಯೊಕ್ಕೆ ಹೋದ. ಕೆಂಟಕಿ ಅವನನ್ನು ಒಪ್ಪಿಸಿ ಎಂದಿತು. ನಮ್ಮ ಕಾನೂನಿನ ಪ್ರಕಾರ ಇದು ಅಪರಾಧವೇ ಅಲ್ಲ ಎಂದು ಓಹಾಯೊದ ಗವರ್ನರ್ ನಿರಾಕರಿಸಿದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1861ರಲ್ಲಿ, ಅಂತರ್ಯುದ್ಧ ಇನ್ನೇನು ಹೊತ್ತಿಕೊಳ್ಳುವುದರಲ್ಲಿದ್ದಾಗ, ಮುಖ್ಯ ನ್ಯಾಯಮೂರ್ತಿ ಟೇನಿ ಒಂದು ವಿಚಿತ್ರ ತೀರ್ಪು ಕೊಟ್ಟರು: ಒಪ್ಪಿಸುವುದು ಗವರ್ನರ್ ಕರ್ತವ್ಯ, ಆದರೆ ಆ ಕರ್ತವ್ಯವನ್ನು ಮಾಡೆಂದು ಬಲವಂತ ಮಾಡಲು ಕೋರ್ಟಿಗೆ ಅಧಿಕಾರವಿಲ್ಲ. ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಹೋಗುತ್ತಿದ್ದ ಆ ಹೊತ್ತಿನಲ್ಲಿ ಗವರ್ನರುಗಳಿಗೆ ಆಜ್ಞೆ ಮಾಡುವ ಅಧಿಕಾರ ಕೇಂದ್ರಕ್ಕಿದೆ ಎನ್ನುವುದು ಯಾರಿಗೂ ಬೇಕಿರಲಿಲ್ಲ ಎಂದು ಓದಬಹುದು. ಈ ನಿಲುವು 126 ವರ್ಷ ಉಳಿಯಿತು. 1987ರಲ್ಲಿ ಪೋರ್ಟೊ ರಿಕೊ ವಿರುದ್ಧ ಬ್ರ್ಯಾನ್‌ಸ್ಟ್ಯಾಡ್ ಪ್ರಕರಣದಲ್ಲಿ ಅದು ಬಿದ್ದುಹೋಯಿತು. ಈಗ ಫೆಡರಲ್ ಕೋರ್ಟು ಗವರ್ನರಿಗೆ ಆದೇಶ ಕೊಡಬಹುದು. ಆದರೆ ಓಡಿಹೋದವರ ವಿಷಯದಲ್ಲಿ ಮಾತ್ರ. ಓಡಿಹೋಗದವರನ್ನು ಒಪ್ಪಿಸುವುದು ಬಿಡುವುದು ರಾಜ್ಯಗಳ ಸ್ವಂತ ಕಾನೂನಿಗೆ ಬಿಟ್ಟದ್ದು, ನ್ಯೂಯಾರ್ಕ್ ಒಪ್ಪಿಸುವುದಿಲ್ಲ ಎಂದು ಬರೆದಿಟ್ಟುಕೊಂಡಿದೆ.

ನಿಷೇಧದ ಪರವಾಗಿರುವವರ ವಾದವನ್ನೂ ಅದರ ಪೂರ್ಣ ಬಲದಲ್ಲಿ ಕೇಳಬೇಕು. ಭ್ರೂಣವೂ ಒಂದು ಜೀವ ಎಂದು ನಿಜವಾಗಿ ನಂಬುವವರಿಗೆ, ಆ ವೈದ್ಯೆ ಗಡಿಯ ಆಚೆ ನಿಂತು ಈಚೆಗೆ ಗುಂಡು ಹಾರಿಸಿದವರ ಸಮಾನ. ಗುಂಡು ಹಾರಿಸಿದವನು ಆಚೆಗಿದ್ದ ಮಾತ್ರಕ್ಕೆ ಈಚೆಯ ಸಾವು ಅಪರಾಧವಲ್ಲವೇ? ಈ ವಾದಕ್ಕೆ ಕಾನೂನಿನ ಬೆಂಬಲವೂ ಇದೆ. 1911ರ ಸ್ಟ್ರಾಸ್‌ಹೈಮ್ ಪ್ರಕರಣದಲ್ಲಿ ನ್ಯಾಯಮೂರ್ತಿ ಹೋಮ್ಸ್ ಹೇಳಿದ್ದು ಇದನ್ನೇ: ಹೊರಗೆ ಮಾಡಿದ ಕೆಲಸದ ಕೇಡು ಒಳಗೆ ಆಗಲೆಂದು ಉದ್ದೇಶಿಸಿ, ಹಾಗೆಯೇ ಆದರೆ, ಆ ರಾಜ್ಯ ಶಿಕ್ಷಿಸಬಹುದು. ಹಾಗಾದರೆ ಲೂಯಿಸಿಯಾನಕ್ಕೆ ಶಿಕ್ಷಿಸುವ ಹಕ್ಕಿದೆ, ಆದರೆ ವ್ಯಕ್ತಿಯನ್ನು ಕೈಗೆ ತಂದುಕೊಳ್ಳುವ ದಾರಿಯಿಲ್ಲ. ಎರಡರ ನಡುವಿನ ಈ ಸಂದಿಯಲ್ಲಿ ರಕ್ಷಾಕವಚ ಕಾನೂನುಗಳು ಹುಟ್ಟಿದವು.

2022ರಲ್ಲಿ ಮ್ಯಾಸಚೂಸೆಟ್ಸ್ ದಾರಿ ತೋರಿತು, 2023ರಲ್ಲಿ ನ್ಯೂಯಾರ್ಕ್ ಹಿಂಬಾಲಿಸಿತು. ಕ್ಯಾಲಿಫೋರ್ನಿಯ, ವಾಷಿಂಗ್ಟನ್, ವರ್ಮಾಂಟ್, ಕೊಲೊರಾಡೊ, ಮೇನ್, ರೋಡ್ ಐಲೆಂಡ್ ಸೇರಿ ಎಂಟು ರಾಜ್ಯಗಳಲ್ಲಿ ಈಗ ಇಂತಹ ಕಾನೂನಿದೆ: ರೋಗಿ ಎಲ್ಲೇ ಇರಲಿ, ನಮ್ಮ ರಾಜ್ಯದಲ್ಲಿ ಕುಳಿತು ಚಿಕಿತ್ಸೆ ಕೊಟ್ಟ ವೈದ್ಯರ ವಿರುದ್ಧ ಹೊರರಾಜ್ಯದ ತನಿಖೆಗೆ ನಮ್ಮ ಪೊಲೀಸರು ನೆರವಾಗಕೂಡದು, ನಮ್ಮ ಕೋರ್ಟು ಸಮನ್ಸ್ ಜಾರಿ ಮಾಡಕೂಡದು, ವೈದ್ಯರ ಪರವಾನಗಿಗೆ ಕೈ ಹಚ್ಚಕೂಡದು. ಕೆಲವು ರಾಜ್ಯಗಳಲ್ಲಿ ವೈದ್ಯರು ತಮ್ಮ ಮೇಲೆ ದಾವೆ ಹೂಡಿದವರ ಮೇಲೆಯೇ ಮರುದಾವೆ ಹೂಡಿ ನಷ್ಟ ವಸೂಲಿ ಮಾಡಬಹುದು. ಲೂಯಿಸಿಯಾನದ ದೋಷಾರೋಪ ಬಂದ ಮೂರೇ ದಿನಕ್ಕೆ ನ್ಯೂಯಾರ್ಕ್ ಇನ್ನೊಂದು ಕಾನೂನು ಮಾಡಿತು: ಔಷಧದ ಚೀಟಿಯ ಮೇಲೆ ವೈದ್ಯರ ಹೆಸರಿನ ಬದಲು ಸಂಸ್ಥೆಯ ಹೆಸರನ್ನು ಮಾತ್ರ ಅಂಟಿಸಬಹುದು. 2024ರ ಕೊನೆಯ ಹೊತ್ತಿಗೆ ಈ ಕವಚದಡಿ ತಿಂಗಳಿಗೆ ಸುಮಾರು 12,000 ಗರ್ಭಪಾತಗಳು ನಿಷೇಧ ಅಥವಾ ದೂರವೈದ್ಯದ ನಿರ್ಬಂಧ ಇರುವ ರಾಜ್ಯಗಳಲ್ಲಿ ನಡೆಯುತ್ತಿದ್ದವು.

ಟೆಕ್ಸಸ್ ಬೇರೆ ದಾರಿ ಹಿಡಿಯಿತು. ಸೆರೆಮನೆ ಸಾಧ್ಯವಿಲ್ಲದಿದ್ದರೆ ದುಡ್ಡಿಗೆ ಕೈ ಹಾಕುವ ದಾರಿ. ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ 2024ರ ಡಿಸೆಂಬರಿನಲ್ಲಿ ಅದೇ ನ್ಯೂಯಾರ್ಕ್ ವೈದ್ಯೆಯ ಮೇಲೆ ಸಿವಿಲ್ ದಾವೆ ಹೂಡಿದರು. ಆಕೆ ಟೆಕ್ಸಸ್ ಕೋರ್ಟಿಗೆ ಹಾಜರಾಗಲಿಲ್ಲ. 2025ರ ಫೆಬ್ರುವರಿಯಲ್ಲಿ ಏಕಪಕ್ಷೀಯ ತೀರ್ಪು ಬಂದು, ಒಂದು ಲಕ್ಷ ಡಾಲರಿಗೂ ಹೆಚ್ಚು ದಂಡ ಬಿತ್ತು. ಡಿಕ್ರಿ ಕೈಗೆ ಬರುವುದು ಒಂದು, ಅಮಲ್ಜಾರಿ ಇನ್ನೊಂದು ಎಂಬುದು ಇಲ್ಲಿರುವ ವಕೀಲರಿಗೆ ನಾನು ಹೇಳಬೇಕಿಲ್ಲ. ಆಸ್ತಿ ಇರುವುದು ನ್ಯೂಯಾರ್ಕಿನಲ್ಲಿ. ತೀರ್ಪನ್ನು ಅಲ್ಲಿನ ಅಲ್‌ಸ್ಟರ್ ಕೌಂಟಿಯ ಕ್ಲರ್ಕ್ ಕಚೇರಿಯಲ್ಲಿ ದಾಖಲಿಸಬೇಕು. ಮಾರ್ಚ್‌ನಲ್ಲಿ ಆ ಪ್ರಭಾರ ಕ್ಲರ್ಕ್ ರಕ್ಷಾಕವಚ ಕಾನೂನನ್ನು ತೋರಿಸಿ ಕಾಗದವನ್ನು ಹಿಂದಿರುಗಿಸಿದರು. ಎರಡು ದೈತ್ಯ ರಾಜ್ಯಗಳ ಜಗಳ ಒಂದು ಜಿಲ್ಲಾ ಕಚೇರಿಯ ಕಿಟಕಿಯ ಮುಂದೆ ಬಂದು ನಿಂತಿತು. ಪ್ಯಾಕ್ಸ್‌ಟನ್ ಆ ಕ್ಲರ್ಕಿನ ಮೇಲೂ ಕೋರ್ಟಿಗೆ ಹೋದರು.

ಇಲ್ಲಿ ಕಾನೂನು ವಿದ್ಯಾರ್ಥಿಗಳು ಸ್ವಲ್ಪ ಗಮನ ಕೊಡಬೇಕು. ಒಂದು ರಾಜ್ಯದ ಕೋರ್ಟಿನ ತೀರ್ಪಿಗೆ ಉಳಿದ ರಾಜ್ಯಗಳು ಪೂರ್ಣ ಮನ್ನಣೆ ಕೊಡಬೇಕೆಂದು ಅದೇ ನಾಲ್ಕನೆಯ ವಿಧಿ ಹೇಳುತ್ತದೆ. ಹಾಗಾದರೆ ನ್ಯೂಯಾರ್ಕ್ ಹೇಗೆ ನಿರಾಕರಿಸಿತು? 1892ರ ಹಂಟಿಂಗ್ಟನ್ ಪ್ರಕರಣದಿಂದ ಬಂದ ಒಂದು ವಿನಾಯಿತಿಯಿದೆ. ಒಬ್ಬ ಖಾಸಗಿ ವ್ಯಕ್ತಿಗೆ ಆದ ನಷ್ಟವನ್ನು ತುಂಬಿಕೊಡುವ ತೀರ್ಪಿಗೆ ಮನ್ನಣೆ ಕಡ್ಡಾಯ. ಸಾರ್ವಜನಿಕ ಅಪರಾಧಕ್ಕೆ ರಾಜ್ಯ ವಿಧಿಸಿದ ದಂಡಕ್ಕೆ ಹಾಗಲ್ಲ. ಪ್ಯಾಕ್ಸ್‌ಟನ್ ತಂದದ್ದು ರಾಜ್ಯ ವಿಧಿಸಿದ ದಂಡ. ಈ ಸೂಕ್ಷ್ಮ ಟೆಕ್ಸಸ್ ಶಾಸಕರಿಗೆ ಚೆನ್ನಾಗಿ ತಿಳಿದಿತ್ತು. 2025ರ ಸೆಪ್ಟೆಂಬರಿನಲ್ಲಿ ಗವರ್ನರ್ ಗ್ರೆಗ್ ಅಬಟ್ ಸಹಿ ಹಾಕಿದ, ಡಿಸೆಂಬರ್ 4ರಿಂದ ಜಾರಿಗೆ ಬಂದ ಹೌಸ್ ಬಿಲ್ 7 ಎಂಬ ಕಾನೂನು ಖಾಸಗಿ ವ್ಯಕ್ತಿಗಳಿಗೆ ದಾವೆಯ ಹಕ್ಕು ಕೊಟ್ಟಿತು. ಟೆಕ್ಸಸ್‌ಗಾಗಿ ಗುಳಿಗೆ ತಯಾರಿಸಿದವರು, ಬರೆದುಕೊಟ್ಟವರು, ಅಂಚೆಗೆ ಹಾಕಿದವರು ಯಾರ ಮೇಲೂ ಕನಿಷ್ಠ ಒಂದು ಲಕ್ಷ ಡಾಲರಿಗೆ ದಾವೆ ಹೂಡಬಹುದು. ಭ್ರೂಣದೊಡನೆ ರಕ್ತಸಂಬಂಧ ಇಲ್ಲದವರು ಗೆದ್ದರೆ ಅವರಿಗೆ ಹತ್ತು ಸಾವಿರ ಡಾಲರ್, ಉಳಿದದ್ದು ಧರ್ಮಕಾರ್ಯಕ್ಕೆ. ಗುಳಿಗೆ ತೆಗೆದುಕೊಂಡ ಹೆಣ್ಣಿನ ಮೇಲೆ ದಾವೆಯಿಲ್ಲ. ನೋಡಿದರೆ ಇದು ಖಾಸಗಿ ವ್ಯಾಜ್ಯ, ಒಳಗಿರುವುದು ಸರಕಾರದ ಬಯಕೆ. ಹಂಟಿಂಗ್ಟನ್ ಕಟ್ಟಿದ ಗೋಡೆಯನ್ನು ಹಾರಲೆಂದೇ ಅಳತೆ ತೆಗೆದು ಹೊಲಿದ ಕಾನೂನು. ಮೆಚ್ಚದೆ ಇರಬಹುದು, ಆದರೆ ಹೊಲಿಗೆಯ ಕೈಚಳಕವನ್ನು ಒಪ್ಪಲೇಬೇಕು. ಇಲ್ಲಿ ಕುಳಿತವರಲ್ಲಿ ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ಮಕ್ಕಳಿರುವ ಅಪ್ಪ ಅಮ್ಮಂದಿರು ಇರಬಹುದು. ಇಲ್ಲಿಂದ ಪಾರ್ಸೆಲ್ ಹಾಕುವವರೂ ಆ ಕಾನೂನಿನ ಅಕ್ಷರದೊಳಗೆ ಬರುತ್ತಾರೆ ಎಂಬುದನ್ನು ನೆನಪಿಡಿ.

ಇನ್ನು ಲಕೋಟೆಯನ್ನೇ ದಾರಿಯಲ್ಲಿ ಹಿಡಿದರೆ ಆಗದೇ? ಅಮೆರಿಕದ ಅಂಚೆ ಇಲಾಖೆ ವರ್ಷಕ್ಕೆ ಸುಮಾರು ಹನ್ನೊಂದು ಸಾವಿರ ಕೋಟಿ ಟಪಾಲು ಸಾಗಿಸುತ್ತದೆ. ಅದು ಕೇಂದ್ರ ಸರಕಾರದ್ದು, ಟೆಕ್ಸಸ್ ಪೊಲೀಸರಿಗೆ ಅಲ್ಲಿ ಪ್ರವೇಶವಿಲ್ಲ. 1878ರಲ್ಲೇ ಎಕ್ಸ್ ಪಾರ್ಟೆ ಜಾಕ್ಸನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿಬಿಟ್ಟಿದೆ: ಮುಚ್ಚಿದ ಪತ್ರ ಅಂಚೆಯಲ್ಲಿದ್ದರೂ ಮನೆಯೊಳಗಿದ್ದಂತೆಯೇ, ವಾರಂಟಿಲ್ಲದೆ ತೆರೆಯುವಂತಿಲ್ಲ. ಪ್ರತಿ ವಾರಂಟಿಗೂ ನಿರ್ದಿಷ್ಟ ಕಾರಣ ಬೇಕು. ಸಣ್ಣ ಲಕೋಟೆಯಲ್ಲಿ ಐದು ಗುಳಿಗೆಗಳಿವೆ ಎಂದು ಅನುಮಾನಿಸಲು ಹೊರಗಿನಿಂದ ಏನೂ ಕಾಣುವುದಿಲ್ಲ.

ಆದರೆ ಕೇಂದ್ರದ ಬಳಿ ಒಂದು ಹಳೆಯ ಅಸ್ತ್ರವಿದೆ. 1873ರ ಕಾಮ್‌ಸ್ಟಾಕ್ ಕಾಯಿದೆ. ಆಂಥೊನಿ ಕಾಮ್‌ಸ್ಟಾಕ್ ಎಂಬ ನ್ಯೂಯಾರ್ಕಿನ ನೀತಿವಾದಿ ಒತ್ತಾಯಿಸಿ ಮಾಡಿಸಿದ ಆ ಕಾಯಿದೆ ಅಶ್ಲೀಲ ಪುಸ್ತಕ, ಗರ್ಭನಿರೋಧಕ, ಗರ್ಭಪಾತಕ್ಕೆ ಬಳಸುವ ಸಾಮಗ್ರಿ ಎಲ್ಲವನ್ನೂ ಅಂಚೆಯಿಂದ ಹೊರಗಿಟ್ಟಿತು. ಕಾಮ್‌ಸ್ಟಾಕ್‌ಗೆ ಅಂಚೆ ಇಲಾಖೆಯ ವಿಶೇಷ ಅಧಿಕಾರಿಯ ಹುದ್ದೆಯೂ ಸಿಕ್ಕಿತು. ಅವನು ಲಕೋಟೆಗಳನ್ನು ಹೇಗೆ ಹಿಡಿಯುತ್ತಿದ್ದ ಗೊತ್ತೇ? ಹಿಡಿಯುತ್ತಿರಲಿಲ್ಲ. ಸುಳ್ಳು ಹೆಸರಿನಲ್ಲಿ ತಾನೇ ಪತ್ರ ಬರೆದು ಸಾಮಗ್ರಿ ತರಿಸಿಕೊಳ್ಳುತ್ತಿದ್ದ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಮೇಡಮ್ ರೆಸ್ಟೆಲ್ ಎಂಬ ಹೆಂಗಸು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಮುಟ್ಟು ತರಿಸುವ ಗುಳಿಗೆಗಳನ್ನು ದಶಕಗಳಿಂದ ಮಾರುತ್ತಿದ್ದಳು, ಅಂಚೆಯಲ್ಲೂ ಕಳುಹಿಸುತ್ತಿದ್ದಳು. 1878ರ ಆರಂಭದಲ್ಲಿ ಕಾಮ್‌ಸ್ಟಾಕ್ ಗಿರಾಕಿಯ ವೇಷದಲ್ಲಿ ಅವಳ ಮನೆಗೆ ಹೋದ, ಕೊಂಡ, ಮತ್ತೆ ಪೊಲೀಸರೊಡನೆ ಬಂದ. ವಿಚಾರಣೆಯ ಹೊತ್ತಿಗೆ, ಏಪ್ರಿಲ್ 1ರಂದು, ಅವಳು ಸ್ನಾನದ ತೊಟ್ಟಿಯಲ್ಲಿ ಕತ್ತು ಕೊಯ್ದುಕೊಂಡು ಸತ್ತಿದ್ದಳು. ಮುಚ್ಚಿದ ಪತ್ರ ಪವಿತ್ರ ಎಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ ವರ್ಷ. ಅಂಚೆಯ ಮೇಲಿನ ನಿಷೇಧವನ್ನು ಜಾರಿ ಮಾಡಲು ನೂರೈವತ್ತು ವರ್ಷಗಳ ಹಿಂದೆಯೂ ವಂಚನೆ ಮತ್ತು ಚಾಡಿ ಬೇಕಾಗಿದ್ದವು.

ಕಾಮ್‌ಸ್ಟಾಕ್ ಕಾಯಿದೆ ಸತ್ತಿಲ್ಲ, ಮಲಗಿದೆ. 1936ರಲ್ಲಿ ಜಪಾನಿನಿಂದ ನ್ಯೂಯಾರ್ಕಿನ ವೈದ್ಯೆಯೊಬ್ಬರಿಗೆ ಬಂದ ಗರ್ಭನಿರೋಧಕಗಳ ಒಂದು ಪೊಟ್ಟಣದ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಅದರ ವ್ಯಾಪ್ತಿಯನ್ನು ಕುಗ್ಗಿಸಿತು. 1971ರಲ್ಲಿ ಸಂಸತ್ತು ಗರ್ಭನಿರೋಧಕದ ಭಾಗವನ್ನು ತೆಗೆದುಹಾಕಿತು. ಗರ್ಭಪಾತದ ಭಾಗ ಪುಸ್ತಕದಲ್ಲಿಯೇ ಉಳಿಯಿತು. ಪಡೆಯುವವರು ಕಾನೂನುಬಾಹಿರವಾಗಿ ಬಳಸಲಿ ಎಂಬ ಉದ್ದೇಶ ಕಳುಹಿಸುವವರಿಗೆ ಇಲ್ಲದಿದ್ದರೆ ಈ ಕಾಯಿದೆ ಅನ್ವಯಿಸದು ಎಂದು 2022ರ ಡಿಸೆಂಬರಿನಲ್ಲಿ ಬೈಡನ್ ಸರಕಾರದ ನ್ಯಾಯ ಇಲಾಖೆ ಅಭಿಪ್ರಾಯ ಕೊಟ್ಟಿತು. ಅಭಿಪ್ರಾಯವೆಂದರೆ ಅಭಿಪ್ರಾಯ, ಇನ್ನೊಂದು ಸರಕಾರ ಅದನ್ನು ಹಿಂತೆಗೆದುಕೊಳ್ಳಬಹುದು. ಮೈಫೆಪ್ರಿಸ್ಟೋನ್ ಪ್ರಕರಣದ 2024ರ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಲಿಟೊ ಮತ್ತು ಥಾಮಸ್ ಇದೇ ಕಾಯಿದೆಯನ್ನು ಕೆದಕಿ ಪ್ರಶ್ನೆ ಕೇಳಿದರು.

ಈಗ ನಾನು ಮೊದಲು ಹೇಳಿದ ಮಾತಿಗೆ ಆಧಾರ ಕೊಡಬೇಕು. ವ್ಯಕ್ತಿ ಸಿಗಲಿಲ್ಲ, ಲಕೋಟೆ ಸಿಗಲಿಲ್ಲ. ಹಾಗಾದರೆ ಪ್ರಕರಣಗಳು ಹೇಗಾದರೂ ಹುಟ್ಟುತ್ತಿವೆಯಲ್ಲ? ಟೆಕ್ಸಸ್‌ನ ದಾವೆಯ ಕಾಗದವನ್ನು ಓದಿದರೆ ತಿಳಿಯುತ್ತದೆ. ಒಬ್ಬ ಇಪ್ಪತ್ತು ವರ್ಷದ ಹೆಣ್ಣುಮಗಳು ರಕ್ತಸ್ರಾವವಾಗಿ ಆಸ್ಪತ್ರೆಗೆ ಹೋಗುತ್ತಾಳೆ. ಜೊತೆಗೆ ಹೋದ ಗಂಡಸಿಗೆ ಅವಳು ಗರ್ಭಿಣಿಯಾಗಿದ್ದಳೆಂದು ಅಲ್ಲಿ ತಿಳಿಯುತ್ತದೆ. ಅವನು ಮನೆಗೆ ಬಂದು ಹುಡುಕಿ ಔಷಧದ ಪೊಟ್ಟಣವನ್ನು ಪತ್ತೆ ಮಾಡುತ್ತಾನೆ. ಲೂಯಿಸಿಯಾನದ ಪ್ರಕರಣದಲ್ಲಿ ಗುಳಿಗೆ ತೆಗೆದುಕೊಂಡವಳು ಅಪ್ರಾಪ್ತ ಬಾಲಕಿ. ತರಿಸಿಕೊಟ್ಟದ್ದು ಅವಳ ತಾಯಿ, ಬಾಲಕಿಗೆ ಮನಸ್ಸಿರಲಿಲ್ಲ ಎಂದು ಪ್ರಾಸಿಕ್ಯೂಟರ್ ಹೇಳುತ್ತಾರೆ. ಬಲವಂತ ನಡೆದಿದ್ದರೆ ಅದು ಘೋರ, ಯಾವ ಪಕ್ಷದವರೂ ಅದನ್ನು ಸಮರ್ಥಿಸಲಾರರು. ದೂರದಿಂದ ಔಷಧ ಕೊಡುವ ಪದ್ಧತಿಗೆ ಇದು ನಿಜವಾದ ಸವಾಲು, ಗುಳಿಗೆ ನುಂಗುವ ಬಾಲಕಿಯ ಮುಖವನ್ನು ವೈದ್ಯರು ನೋಡಿರುವುದಿಲ್ಲ. ಆದರೆ ದೋಷಾರೋಪ ಬಲವಂತದ್ದಲ್ಲ, ಗರ್ಭಪಾತದ್ದು. ವೈದ್ಯೆ ನ್ಯೂಯಾರ್ಕಿನಲ್ಲಿದ್ದಾರೆ. ಲೂಯಿಸಿಯಾನದ ಕೋರ್ಟಿನ ಮುಂದೆ ನಿಂತವರು ತಾಯಿ.

ನೆಬ್ರಾಸ್ಕದಲ್ಲಿ, ಡಾಬ್ಸ್‌ಗೂ ಮುಂಚೆ ಆದ ಗರ್ಭಪಾತಕ್ಕಾಗಿ, ತಾಯಿ ಮತ್ತು ಹದಿಹರೆಯದ ಮಗಳ ಮೇಲೆ ಮೊಕದ್ದಮೆ ನಡೆಯಿತು. ಗುಳಿಗೆ ಅಂಚೆಯಲ್ಲೇ ಬಂದಿತ್ತು. ಅಂಚೆ ಇಲಾಖೆಗೂ ಪ್ರಕರಣಕ್ಕೂ ಸಂಬಂಧವಿಲ್ಲ. ಸಾಕ್ಷ್ಯ ಸಿಕ್ಕಿದ್ದು ತಾಯಿ ಮಗಳು ಫೇಸ್‌ಬುಕ್‌ನಲ್ಲಿ ಪರಸ್ಪರ ಬರೆದುಕೊಂಡ ಸಂದೇಶಗಳಲ್ಲಿ. ವಾರಂಟ್ ತೋರಿಸಿದಾಗ ಕಂಪನಿ ಅವನ್ನು ಪೊಲೀಸರಿಗೆ ಕೊಟ್ಟಿತು. 2023ರಲ್ಲಿ ತಾಯಿಗೆ ಎರಡು ವರ್ಷ ಸೆರೆವಾಸವಾಯಿತು. ಇಂಡಿಯಾನದಲ್ಲಿ ಭಾರತೀಯ ಮೂಲದ ಯುವತಿಯೊಬ್ಬಳು 2013ರಲ್ಲಿ ರಕ್ತಸ್ರಾವದಿಂದ ಆಸ್ಪತ್ರೆಗೆ ಬಂದಳು. ಪೊಲೀಸರಿಗೆ ಸುದ್ದಿ ಹೋದದ್ದು ಆ ಆಸ್ಪತ್ರೆಯಿಂದಲೇ. ಹಾಂಗ್‌ಕಾಂಗ್‌ನಿಂದ ಗುಳಿಗೆ ತರಿಸಿದ್ದಳೆಂಬುದಕ್ಕೆ ಅವಳ ಫೋನಿನ ಸಂದೇಶಗಳನ್ನು ಮುಂದಿಟ್ಟರು. 2015ರಲ್ಲಿ 20 ವರ್ಷ ಶಿಕ್ಷೆಯಾಯಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಭ್ರೂಣಹತ್ಯೆಯ ತೀರ್ಪನ್ನು ರದ್ದು ಮಾಡಿತು. 2000ದಿಂದ 2020ರವರೆಗೆ ತಾವೇ ಗರ್ಭಪಾತ ಮಾಡಿಕೊಂಡ ಅಥವಾ ಅದಕ್ಕೆ ನೆರವಾದ ಕಾರಣಕ್ಕೆ ತನಿಖೆಗೆ ಒಳಗಾದ 61 ಪ್ರಕರಣಗಳನ್ನು ಅಮೆರಿಕದ ಸಂಶೋಧಕರು ಕಲೆಹಾಕಿದ್ದಾರೆ. ದೂರು ಕೊಟ್ಟವರಲ್ಲಿ ದೊಡ್ಡ ಪಾಲು ಆಸ್ಪತ್ರೆಯವರದು, ನಂತರ ಪರಿಚಿತರದು.

ಇದು ಅಮೆರಿಕದ ವಿಶೇಷವೂ ಅಲ್ಲ. 2016ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ 21 ವರ್ಷದ ಹುಡುಗಿಗೆ, ಇಂಟರ್ನೆಟ್ಟಿನಲ್ಲಿ ಗುಳಿಗೆ ತರಿಸಿ ತೆಗೆದುಕೊಂಡದ್ದಕ್ಕೆ ಅಮಾನತಿನ ಸೆರೆಶಿಕ್ಷೆಯಾಯಿತು. ಪೊಲೀಸರಿಗೆ ಹೇಳಿದವರು ಅದೇ ಮನೆಯಲ್ಲಿ ವಾಸವಿದ್ದ ಜೊತೆಗಾರರು.

ಐರ್ಲೆಂಡ್ ಎಂದಾಗ ಬೆಳಗಾವಿಯಲ್ಲಿ ನಿಂತು ಸವಿತಾ ಹಾಲಪ್ಪನವರ ಹೆಸರು ಹೇಳದೆ ಇರಲಾಗದು. ದಂತವೈದ್ಯೆ, ಈ ಊರಿನ ಮಗಳು. 2012ರ ಅಕ್ಟೋಬರಿನಲ್ಲಿ ಗಾಲ್ವೆಯ ಆಸ್ಪತ್ರೆಯಲ್ಲಿ, 17 ವಾರದ ಗರ್ಭ ಜಾರಿಹೋಗುತ್ತಿದೆ ಎಂದು ಗೊತ್ತಿದ್ದೂ, ಭ್ರೂಣದ ಎದೆಬಡಿತ ನಿಂತಿಲ್ಲ ಎಂಬ ಕಾರಣಕ್ಕೆ ಗರ್ಭಪಾತ ನಿರಾಕರಿಸಿದರು. ಅಕ್ಟೋಬರ್ 28ರಂದು ನಂಜೇರಿ ತೀರಿಕೊಂಡರು. 2018ರ ಮೇ ತಿಂಗಳ ಜನಮತದಲ್ಲಿ ಶೇಕಡಾ 66ಕ್ಕೂ ಹೆಚ್ಚು ಮತದಾರರು ಗರ್ಭಪಾತಕ್ಕೆ ಅಡ್ಡವಾಗಿದ್ದ ಅಲ್ಲಿನ ಸಂವಿಧಾನದ ಎಂಟನೆಯ ತಿದ್ದುಪಡಿಯನ್ನು ಕಿತ್ತುಹಾಕಿದ್ದು, ಆ ಪ್ರಚಾರದಲ್ಲಿ ಸವಿತಾ ಅವರ ಚಿತ್ರ ಗೋಡೆಗಳ ಮೇಲಿದ್ದದ್ದು ನಿಮಗೆಲ್ಲ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಒಂದಿದೆ. ಆ ವರ್ಷಗಳುದ್ದಕ್ಕೂ ಐರ್ಲೆಂಡಿನ ಸುಂಕದ ಅಧಿಕಾರಿಗಳು ಟಪಾಲಿನಲ್ಲಿ ಬರುತ್ತಿದ್ದ ಗುಳಿಗೆಗಳನ್ನು ಜಪ್ತಿ ಮಾಡುತ್ತಿದ್ದರು. ಅದು ಅಂತರರಾಷ್ಟ್ರೀಯ ಟಪಾಲು, ತೆರೆಯುವ ಅಧಿಕಾರ ಅವರಿಗಿತ್ತು. ಫಲವೇನು? ಹೆಂಗಸರು ಉತ್ತರ ಐರ್ಲೆಂಡಿನ ವಿಳಾಸಕ್ಕೆ ತರಿಸಿಕೊಂಡು, ಗಡಿ ದಾಟಿ ಹೋಗಿ ತರತೊಡಗಿದರು. ಸವಿತಾ ಸತ್ತ ಎರಡನೆಯ ವರ್ಷದ ದಿನ, 2014ರ ಅಕ್ಟೋಬರ್ 28ರಂದು, ಒಂದಷ್ಟು ಹೋರಾಟಗಾರ್ತಿಯರು ಬೆಲ್‌ಫಾಸ್ಟ್‌ನಿಂದ ರೈಲಿನಲ್ಲಿ ಗುಳಿಗೆ ತಂದು ಡಬ್ಲಿನ್ ನಿಲ್ದಾಣದಲ್ಲಿ ಎಲ್ಲರೆದುರು ಪ್ರದರ್ಶಿಸಿದರು. ಸುಂಕದವರಿದ್ದ, ಟಪಾಲು ತೆರೆಯಬಹುದಾಗಿದ್ದ ದ್ವೀಪದಲ್ಲೇ ಹೀಗಾದರೆ, ನಡುವೆ ಸುಂಕದ ಕಟ್ಟೆಯೇ ಇಲ್ಲದ ಐವತ್ತು ರಾಜ್ಯಗಳ ದೇಶದಲ್ಲಿ ಏನಾದೀತು?

ಲೂಯಿಸಿಯಾನ ಇನ್ನೊಂದು ಪ್ರಯೋಗ ಮಾಡಿದೆ. 2024ರ ಅಕ್ಟೋಬರ್ 1ರಿಂದ ಈ ಎರಡೂ ಔಷಧಗಳನ್ನು ನಿಯಂತ್ರಿತ ಅಪಾಯಕಾರಿ ವಸ್ತುಗಳ ನಾಲ್ಕನೆಯ ಪಟ್ಟಿಗೆ ಸೇರಿಸಿತು, ನಿದ್ರೆಮಾತ್ರೆಗಳ ಸಾಲಿಗೆ. ಅವುಗಳಿಂದ ಯಾರೂ ಚಟಕ್ಕೆ ಬೀಳುವುದಿಲ್ಲ. ಆದರೆ ಮಿಸೊಪ್ರೊಸ್ಟಾಲ್ ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ಹೆರಿಗೆ ಕೋಣೆಯಲ್ಲಿ ಕೈಗೆಟುಕುವಂತೆ ಇಡುವ ಔಷಧ. ಪಟ್ಟಿಗೆ ಸೇರಿದ ಮೇಲೆ ಅದನ್ನು ಬೀಗದೊಳಗೆ ಇಡಬೇಕಾಯಿತು. ಆಸ್ಪತ್ರೆಗಳಲ್ಲಿ ಬೀಗ ತೆಗೆದು ಔಷಧ ತರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ದಾದಿಯರು ಓಡಿ ನೋಡಿ ಅಭ್ಯಾಸ ಮಾಡಿದರು. ನ್ಯೂಯಾರ್ಕಿನಿಂದ ಬರುವ ಲಕೋಟೆಗೆ ಇದರಿಂದ ಏನೂ ಆಗಲಿಲ್ಲ.

ಇಲ್ಲಿ ಕುಳಿತು ನಾವು ಬೀಗುವ ಹಾಗಿಲ್ಲ. ರಕ್ಷಾಕವಚ ಕಾನೂನು ಬರುವ ಮುಂಚೆ, ಡಚ್ ವೈದ್ಯೆ ರೆಬೆಕ್ಕಾ ಗಾಂಪರ್ಟ್ಸ್ 2018ರಲ್ಲಿ ಆರಂಭಿಸಿದ ಏಡ್ ಆಕ್ಸೆಸ್ ಸಂಸ್ಥೆ ಅಮೆರಿಕದ ಹೆಂಗಸರಿಗೆ ಗುಳಿಗೆ ಕಳುಹಿಸುತ್ತಿದ್ದದ್ದು ನಾಗಪುರದ ಒಂದು ಔಷಧದಂಗಡಿಯ ಮೂಲಕ. ಅಮೆರಿಕಕ್ಕೆ ನಾವು ಕಳುಹಿಸಿದ ಆ ಗುಳಿಗೆ ನಮ್ಮ ಹೆಣ್ಣುಮಕ್ಕಳಿಗೆ ಯಾವ ಕಾನೂನಿನಡಿ ಸಿಗುತ್ತದೆ? 1971ರ ವೈದ್ಯಕೀಯ ಗರ್ಭಪಾತ ಕಾಯಿದೆ ಉದಾರ ಎಂದು ನಾವು ಹೇಳಿಕೊಳ್ಳುತ್ತೇವೆ. 2021ರ ತಿದ್ದುಪಡಿ ಕೆಲವು ವರ್ಗಗಳಿಗೆ 24 ವಾರದವರೆಗೆ ಅವಕಾಶ ಕೊಟ್ಟಿತು. ಮದುವೆಯಾಗದವರಿಗೂ ಅದು ಅನ್ವಯಿಸುತ್ತದೆಂದು 2022ರ ಸೆಪ್ಟೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಆ ಕಾಯಿದೆ ವೈದ್ಯರಿಗೆ ಕೊಟ್ಟ ವಿನಾಯಿತಿ. ಮೂಲ ಅಪರಾಧ ಹಾಗೆಯೇ ಇದೆ: ಹಳೆಯ ದಂಡಸಂಹಿತೆಯ 312ನೆಯ ಕಲಮು, ಈಗಿನ ನ್ಯಾಯ ಸಂಹಿತೆಯ 88. ಅದರ ವಿವರಣೆಯಲ್ಲಿ, ತಾನೇ ಗರ್ಭಪಾತ ಮಾಡಿಕೊಂಡ ಹೆಣ್ಣೂ ಅಪರಾಧಿ ಎಂದು ಸ್ಪಷ್ಟವಾಗಿ ಬರೆದಿದೆ. ಟೆಕ್ಸಸ್ ತನ್ನ ನಿಷೇಧದಲ್ಲಿ ಹೆಣ್ಣನ್ನು ಬಿಟ್ಟಿದೆ. ನಮ್ಮ ಕಲಮು ಬಿಟ್ಟಿಲ್ಲ. 2015ರಲ್ಲಿ ಭಾರತದಲ್ಲಿ ಅಂದಾಜು 1.56 ಕೋಟಿ ಗರ್ಭಪಾತಗಳಾದವು, ಶೇಕಡಾ 73ರಷ್ಟು ಆಸ್ಪತ್ರೆಯ ಹೊರಗೆ, ಗುಳಿಗೆಯಿಂದ. ಅಷ್ಟೂ ಜನ ನಮ್ಮ ಪುಸ್ತಕದ ಪ್ರಕಾರ ಆರೋಪಿಗಳಾಗಬಲ್ಲರು. ನಾವು ಕಾನೂನನ್ನು ಜಾರಿ ಮಾಡುವುದಿಲ್ಲ, ಅಷ್ಟೇ. ಯಾರ ಮೇಲಾದರೂ ದ್ವೇಷವಿದ್ದಾಗ ಮಾತ್ರ ಅದು ನೆನಪಾಗುತ್ತದೆ.

ಕೊನೆಯದಾಗಿ, ಅಮೆರಿಕದಲ್ಲಿ ಜಗಳ ಎತ್ತ ಹೊರಟಿದೆ ಎಂದು ಹೇಳಿ ಮುಗಿಸುತ್ತೇನೆ. ಗಡಿಯಾಚೆಗೆ ಕೈ ಚಾಚಿ ಸೋತ ರಾಜ್ಯಗಳು ಈಗ ಕೇಂದ್ರದ ಕೈಯನ್ನೇ ಹಿಡಿಯಲು ಹೊರಟಿವೆ. ಮೈಫೆಪ್ರಿಸ್ಟೋನಿನ ಅನುಮತಿಯನ್ನೇ ಪ್ರಶ್ನಿಸಿದ ಕೆಲವು ವೈದ್ಯರ ದಾವೆಯಲ್ಲಿ ಟೆಕ್ಸಸ್‌ನ ಅಮರಿಲ್ಲೊದ ನ್ಯಾಯಾಧೀಶ ಕಾಸ್ಮರಿಕ್ 2023ರ ಏಪ್ರಿಲ್‌ನಲ್ಲಿ ಅವರ ಪರ ತೀರ್ಪು ಕೊಟ್ಟರು. 2024ರ ಜೂನ್ 13ರಂದು ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ವಜಾ ಮಾಡಿತು, ಆದರೆ ದಾವೆ ಹೂಡಿದ ವೈದ್ಯರಿಗೆ ಆ ಅರ್ಹತೆಯಿಲ್ಲ ಎಂಬ ಕಾರಣಕ್ಕೆ ಮಾತ್ರ. ಒಂದು ರಾಜ್ಯಕ್ಕೆ ಆ ಅರ್ಹತೆ ಇದೆಯೇ ಎಂಬ ಪ್ರಶ್ನೆ ಉಳಿಯಿತು. 2025ರ ಅಕ್ಟೋಬರಿನಲ್ಲಿ ಲೂಯಿಸಿಯಾನ ಔಷಧ ಆಡಳಿತದ ಮೇಲೆ ದಾವೆ ಹೂಡಿದೆ: ವೈದ್ಯರ ಎದುರೇ ಕೊಡಬೇಕೆಂಬ ಹಳೆಯ ನಿಯಮ ಮರಳಬೇಕು ಎಂದು. ಅದು ಗೆದ್ದರೆ ನಿಯಮ ಲೂಯಿಸಿಯಾನಕ್ಕೆ ಮಾತ್ರವಲ್ಲ, ನ್ಯೂಯಾರ್ಕಿನ ಹಳ್ಳಿಯ ಹೆಣ್ಣಿಗೂ ಅನ್ವಯಿಸುತ್ತದೆ. ರಾಜ್ಯ ರಾಜ್ಯಗಳು ತಮ್ಮ ತಮ್ಮ ನಿರ್ಧಾರ ತೆಗೆದುಕೊಳ್ಳಲಿ ಎಂದ ಡಾಬ್ಸ್‌ನ ಮಾತನ್ನು, ಅದನ್ನು ಅತಿ ಹೆಚ್ಚು ಸಂಭ್ರಮಿಸಿದ ರಾಜ್ಯವೇ ಸಾಲದು ಎನ್ನುತ್ತಿದೆ. ಆ ನಿಯಮ ಬಂದರೂ ಅದು ಮೈಫೆಪ್ರಿಸ್ಟೋನಿಗೆ ಮಾತ್ರ. ಮಿಸೊಪ್ರೊಸ್ಟಾಲ್ ಹೊಟ್ಟೆಹುಣ್ಣಿನ ಮಾತ್ರೆಯಾಗಿ ಸಾಮಾನ್ಯ ಔಷಧದಂಗಡಿಯಲ್ಲಿದೆ, ಅದೊಂದರಿಂದಲೂ ಗರ್ಭಪಾತವಾಗುತ್ತದೆ, ಅದನ್ನೇ ಅಂಚೆಗೆ ಹಾಕುತ್ತೇವೆ ಎಂದು ಕಳುಹಿಸುವ ವೈದ್ಯರು ಈಗಾಗಲೇ ಹೇಳಿದ್ದಾರೆ.

ಪ್ರಶ್ನೆಗಳಿದ್ದರೆ ಕೇಳಿ. ಹಸ್ತಾಂತರದ ಕಲಮಿನ ಬಗ್ಗೆ ವಿದ್ಯಾರ್ಥಿಗಳು ಮೊದಲು ಕೇಳಿದರೆ ನನಗೆ ಸಂತೋಷ.